ಬಂಗುಡೆಯ ವಿಷ ಮತ್ತು ಹಿಸ್ಟಿಡೀನ್ ಡಿಕಾರ್ಬಾಕ್ಸಿಲೇಸ್

ಕೆಟ್ಟ ಮೀನನ್ನು ಮೂಗಿನಿಂದ ಗುರುತಿಸುವುದು ಮನುಷ್ಯನ ಬಹು ಪುರಾತನವಾದ ಪರೀಕ್ಷೆ. ಆದರೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೀನೂ ಕೆಲವು ವೇಳೆ ವಿಷವಾಗಿ ಪರಿಣಮಿಸುವುದುಂಟು. ಚೆನ್ನಾಗಿ ಬೇಯಿಸಿದರೂ ಆ ವಿಷ ಅಳಿಯುವುದಿಲ್ಲ. ಇದಕ್ಕೆ ಕಾರಣವಾದ ಕಿಣ್ವವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಪ್ರೋಟೀನುಗಳ ಘಟಕಗಳಾದ ಅಮೈನೊ ಆಮ್ಲಗಳಲ್ಲಿ ಕಾರ್ಬಾಕ್ಸಿಲ್ ಎಂಬ ಆಮ್ಲಗುಂಪು ಇರುತ್ತದೆ. ಈ ಗುಂಪನ್ನು ಇಂಗಾಲದ ಡೈಆಕ್ಸೈಡಿನ ರೂಪದಲ್ಲಿ ಬೇರ್ಪಡಿಸುವ ಕಿಣ್ವಗಳಿಗೆ ಡಿಕಾರ್ಬಾಕ್ಸಿಲೇಸ್‌ಗಳೆಂದು ಹೆಸರು. ಹಿಂದೆ ಉಳಿಯುವ ವಸ್ತು ಅಮೀನು. ಲೈಸೀನಿನಿಂದ ಕ್ಯಾಡವೆರೀನ್, ಆರ್ನಿಥೀನಿನಿಂದ ಪುಟ್ರೆಸೀನ್, ಹಿಸ್ಟಿಡೀನಿನಿಂದ ಹಿಸ್ಟಮೀನ್ ಉಂಟಾಗುವುದು ಹೀಗೆ.

ಈ ಜ್ಞಾನ ಒಮ್ಮೆಗೇ ದೊರೆತದ್ದಲ್ಲ. ಕ್ಯಾಡವೆರೀನ್ ಮತ್ತು ಪುಟ್ರೆಸೀನ್‌ಗಳನ್ನು ಜರ್ಮನಿಯ ಬ್ರೀಗರ್ 1885ರಲ್ಲಿ ಕೊಳೆತ ವಸ್ತುಗಳಿಂದ ಬೇರ್ಪಡಿಸಿ ವರ್ಣಿಸಿದನು. ಕೊಳೆಸುವ ಬ್ಯಾಕ್ಟೀರಿಯಗಳು ಹಿಸ್ಟಿಡೀನನ್ನು ಹಿಸ್ಟಮೀನಾಗಿ ಮಾರ್ಪಡಿಸುವುದನ್ನು 1910ರಲ್ಲಿ ಆಕರ್‌ಮನ್ ತೋರಿಸಿದನು. ಬ್ಯಾಕ್ಟೀರಿಯಗಳು ಆಮ್ಲೀಯ ಮಾಧ್ಯಮದಲ್ಲಿ ಬೆಳೆದಾಗ ಇಂಥ ಕಿಣ್ವಗಳನ್ನು ಹೇರಳವಾಗಿ ತಯಾರಿಸುತ್ತವೆಂಬುದು 1940ರ ದಶಕದಲ್ಲಿ ಕೇಂಬ್ರಿಜ್ಜಿನ ಅರ್ನೆಸ್ಟ್ ಗೇಲ್ ಮತ್ತು ಅವರ ಸಹೋದ್ಯೋಗಿಗಳ ಪ್ರಯೋಗಗಳಿಂದ ವ್ಯಕ್ತವಾಯಿತು. ಈ ಕ್ರಿಯೆ ಆಮ್ಲತೆಯನ್ನು ತಗ್ಗಿಸುವುದರಿಂದ, ನಾವು ಕೊಳೆಯುವಿಕೆ ಎನ್ನುವುದು ಬ್ಯಾಕ್ಟೀರಿಯದ ಮಟ್ಟಿಗೆ ಆತ್ಮರಕ್ಷಣೆಯ ಉಪಾಯ.

ಬಂಗುಡೆ, ಟ್ಯೂನ ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡೀನ್ ಬಿಡಿಯಾಗಿಯೇ ಧಾರಾಳವಾಗಿ ಇರುತ್ತದೆ. ಸತ್ತ ಮೀನು ಬೆಚ್ಚಗೆ ಉಳಿದರೆ ಮಾರ್ಗನೆಲ್ಲ ಮಾರ್ಗನಿಯೈ ಮುಂತಾದ ಬ್ಯಾಕ್ಟೀರಿಯಗಳು ವೃದ್ಧಿಸಿ, ಅವುಗಳ ಕಿಣ್ವ ಕೆಲವೇ ಗಂಟೆಗಳಲ್ಲಿ ಅಪಾಯಕರ ಪ್ರಮಾಣದ ಹಿಸ್ಟಮೀನನ್ನು ಸಂಗ್ರಹಿಸಬಲ್ಲದು. ದುರ್ಗಂಧ ತೋರುವ ಮೊದಲೇ ಹೀಗಾಗಬಹುದು. ಅಂಥ ಮೀನನ್ನು ತಿಂದವರಿಗೆ ಮುಖ ಕೆಂಪೇರುವುದು, ತಲೆನೋವು, ತುರಿಕೆ, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಇದನ್ನು ಮೀನಿನ ಅಲರ್ಜಿಯೆಂದು ತಪ್ಪಾಗಿ ಭಾವಿಸುವುದೂ ಉಂಟು. ಒಲೆಯ ಶಾಖ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ಕಿಣ್ವವನ್ನೂ ನಾಶಪಡಿಸುತ್ತದೆ. ಆದರೆ ಆಗಲೇ ಉತ್ಪನ್ನವಾಗಿರುವ ಹಿಸ್ಟಮೀನನ್ನು ಏನೂ ಮಾಡಲಾರದು. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೊಡೆಕ್ಸ್ ಇಂಥ ಮೀನುಗಳಿಗೆ ಕಿಲೋಗ್ರಾಮಿಗೆ 200 ಮಿಲಿಗ್ರಾಮ್ ಹಿಸ್ಟಮೀನಿನ ಮಿತಿಯನ್ನು ವಿಧಿಸಿದೆ.

ಆದುದರಿಂದ ರಕ್ಷಣೆಯಿರುವುದು ಬೆಂಕಿಯಲ್ಲಲ್ಲ, ಮಂಜುಗಡ್ಡೆಯಲ್ಲಿ. ಹನೂರು ತಾಲ್ಲೂಕಿನ ಬಂಡಳ್ಳಿಯಂಥ ಒಳನಾಡಿನ ಊರಿಗೆ ಕರಾವಳಿಯ ಬಂಗುಡೆ ಬರಬೇಕಾದರೆ ಘಟ್ಟವನ್ನು ದಾಟಿ ದೀರ್ಘ ಪ್ರಯಾಣ ಮಾಡಬೇಕು. ದೋಣಿಯಿಂದ ಸಂತೆಯವರೆಗೆ ಎಲ್ಲಿಯಾದರೂ ಒಂದೆಡೆ ಮಂಜುಗಡ್ಡೆ ಕರಗಿ ಮೀನು ಬೆಚ್ಚಗಾದರೆ, ಮುಂದೆ ಎಷ್ಟು ತಣ್ಣಗಿಟ್ಟರೂ ಆಗ ಉಂಟಾದ ಹಿಸ್ಟಮೀನು ಹೋಗದು. ಇದನ್ನು ಕೊಳ್ಳುವವಳು ಕಣ್ಣಿನಿಂದಲೂ ಮೂಗಿನಿಂದಲೂ ಅರಿಯಲಾರಳು. ಅವಳ ಅಡಿಗೆಯ ಎಚ್ಚರಿಕೆ ಎಷ್ಟಿದ್ದರೂ ಮನೆಯವರ ಕ್ಷೇಮ ಬಹುಮಟ್ಟಿಗೆ ಅವಳು ಕಾಣದ ಕೈಗಳಲ್ಲಿದೆ. ಮಂಜುಗಡ್ಡೆಗೆ ತಗಲುವ ವೆಚ್ಚವನ್ನು ವ್ಯಾಪಾರದ ಲೆಕ್ಕವೆಂದು ಮಾತ್ರವಲ್ಲದೆ ಜನಾರೋಗ್ಯದ ಲೆಕ್ಕವೆಂದೂ ಎಣಿಸಬೇಕಾಗಿದೆ.