ನಿಮಗಿದು ಗೊತ್ತೆ? ನಡುಗೆರೆಯ ಗುಳ್ಳೆಗೆ ಹೆದರಬೇಡಿ

● ಗಂಡಸರ ಶಿಶ್ನದ ಕೆಳಬದಿಯಿಂದ ವೃಷಣಚೀಲದ ಮೇಲೆ ಹಾದು ಗುದದ್ವಾರದವರೆಗೆ ಹೊಲಿಗೆಯಂಥ ನಡುಗೆರೆಯೊಂದಿರುತ್ತದೆ. ಗರ್ಭದಲ್ಲಿ ಎರಡೂ ಬದಿಯ ಮಡಿಕೆಗಳು ಕೂಡಿಕೊಂಡ ಗುರುತು ಅದು.

● ಆ ಮಡಿಕೆಗಳು ಕೂಡುವಾಗ ಕೆಲವು ಜೀವಕೋಶಗಳು ಒಳಗೇ ಸಿಕ್ಕಿಕೊಂಡರೆ, ಆ ಗೆರೆಯ ಮೇಲೆ ದ್ರವ ತುಂಬಿದ ನುಣುಪಾದ ಗುಳ್ಳೆ ಮೂಡಬಹುದು. ಇದೇ ಅಪರೂಪದ ‘ಮೀಡಿಯನ್ ರಾಫೆ ಸಿಸ್ಟ್’. ಮೆರ್ಮೆ ಎಂಬ ವೈದ್ಯರು 1895ರಲ್ಲೇ ಇದನ್ನು ವಿವರಿಸಿದ್ದರು.

● ಹುಟ್ಟಿನಿಂದಲೇ ಬಂದಿದ್ದರೂ ಹಲವರಿಗೆ ಇದು ಗಮನಕ್ಕೆ ಬರುವುದು ಹರೆಯದಲ್ಲಿ. ಇದು ಕ್ಯಾನ್ಸರ್ ಅಲ್ಲ, ಲೈಂಗಿಕ ರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

● ಚಿವುಟಬೇಡಿ, ಸೂಜಿ ಚುಚ್ಚಬೇಡಿ, ಕೀವಾಗಬಹುದು. ನೋವು, ಊತ ಇದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುತ್ತಾರೆ.

● ಗುಳ್ಳೆ ಯಾವುದೆಂದು ವೈದ್ಯರೇ ಹೇಳಬೇಕು. ನೀವು ಉಚ್ಚಂಗಿದುರ್ಗದವರಾದರೆ ನಾಚಿಕೆ ಬಿಟ್ಟು ಹರಪನಹಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲೋ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೋ ತೋರಿಸಿಕೊಳ್ಳಿ.