ಫ್ಯಾಟ್ ಎಷ್ಟು ಬಂತು ಅಂತ ಯಾರಿಗೆ ಗೊತ್ತಾಗುತ್ತಿದೆ?

"ನಿನ್ನೆ ಸಂಜೆ ನಿಮ್ಮ ಹಾಲಿಗೆ ಫ್ಯಾಟ್ ಎಷ್ಟು ಬಂತು?"

ಒಂದು ಸಂಘದ ಸರ್ವ ಸದಸ್ಯರ ಸಭೆಯಲ್ಲಿ ಲೆಕ್ಕಪತ್ರ ಓದಿ ಮುಗಿದ ಮೇಲೆ, ಎಲ್ಲರೂ ಊಟಕ್ಕೆ ಏಳುವ ಮೊದಲು ಈ ಪ್ರಶ್ನೆ ಕೇಳಿದೆ. ಗಂಡಸರಲ್ಲಿ ನಾಲ್ಕೈದು ಮಂದಿ ಜೇಬಿನಿಂದ ಫೋನ್ ತೆಗೆದು ನೋಡಿ ಹೇಳಿದರು. ಹೆಂಗಸರ ಸಾಲಿನಿಂದ ಉತ್ತರವೇ ಇಲ್ಲ. ಮತ್ತೆ ಕೇಳಿದಾಗ ಒಬ್ಬ ತಾಯಿ ನಗುತ್ತಾ ಅಂದರು: "ಅದು ನನ್ ಮಗನ ಫೋನಿಗೆ ಬತ್ತದೆ ಸಾರ್. ಅವ್ನು ಬೆಂಗಳೂರಲ್ಲವ್ನೆ."

ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಕೊರೆಯಿತು. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಳಿದು, ಹುಲ್ಲು ಹಾಕಿ, ಹಿಂಡಿ ಕಲಸಿ, ಹಾಲು ಕರೆದು, ಕ್ಯಾನು ಹೊತ್ತು ಡೇರಿಗೆ ಬರುವವರು ಆಕೆ. ಆ ಹಾಲು ಹೇಗಿತ್ತು ಎಂಬ ವರದಿ ಹೋಗುತ್ತಿರುವುದು ಬೆಂಗಳೂರಿನ ಯಾವುದೋ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಮಲಗಿರುವ ಹುಡುಗನ ಫೋನಿಗೆ. ಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಸುದ್ದಿ ಮಾತ್ರ ತಲುಪಬೇಕಾದವರಿಗೆ ತಲುಪುತ್ತಿಲ್ಲ.

ನಮ್ಮ ಹಿರಿಯ ಸದಸ್ಯರಿಗೆ ಹಳೆಯ ದಿನಗಳು ನೆನಪಿವೆ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲಿ ಆನಂದ್ ಮಾದರಿಯ ಸಂಘಗಳು ಆರಂಭವಾದಾಗ ಡೇರಿಯಲ್ಲಿ ಇದ್ದದ್ದು ಅಳತೆ ಪಾತ್ರೆ, ಲ್ಯಾಕ್ಟೋಮೀಟರ್, ಮಾದರಿ ಬಾಟಲಿ ಮತ್ತು ಗರ್ಬರ್ ಪರೀಕ್ಷೆಯ ಸಾಮಾನು. ಗರ್ಬರ್ ಎಂದರೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಬೆರೆಸಿ, ತಿರುಗುವ ಯಂತ್ರಕ್ಕೆ ಹಾಕಿ ಸುತ್ತಿಸಿ, ಬಿಸಿನೀರಿನಲ್ಲಿಟ್ಟು ಓದುವುದು. ಸಾಲಿನಲ್ಲಿ ನಿಂತ ಎಲ್ಲರ ಹಾಲಿಗೂ ಅಲ್ಲೇ ಇದನ್ನು ಮಾಡಲಾಗದು. ಹಾಗಾಗಿ ಮಾದರಿ ತೆಗೆದಿಟ್ಟು ಆಮೇಲೆ ಪರೀಕ್ಷಿಸುತ್ತಿದ್ದರು. ಎಷ್ಟು ಬಂತೆಂದು ತಿಳಿಯುವುದು ಬಟವಾಡೆ ದಿನವೇ. ಪುಸ್ತಕದಲ್ಲಿ ಬರೆದದ್ದೇ ಸತ್ಯ, ಬರೆಯುವವರು ಒಬ್ಬರೇ.

ತೂಕ, ಪರೀಕ್ಷೆ, ದರ, ಚೀಟಿ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಕಂಪ್ಯೂಟರಿಗೆ ಜೋಡಿಸಿದ ಹಾಲು ಸಂಗ್ರಹಣಾ ಘಟಕಗಳು ಗುಜರಾತಿನ ಖೇಡಾ ಜಿಲ್ಲೆಯ ಸಂಘಗಳಿಗೆ 1990ರ ದಶಕದಲ್ಲೇ ಬಂದವು. ಅಲ್ಲಿಂದ ದೇಶದ ಉಳಿದ ಕಡೆಗೂ ಹರಡಿದವು. ಕಂಪ್ಯೂಟರ್ ಎಂಬ ಹೆಸರಿಗೆ ಮರುಳಾಗಿ ರೈತರು ಇದನ್ನು ಒಪ್ಪಲಿಲ್ಲ. ಒಪ್ಪಿದ್ದು ಎರಡು ಕಾರಣಕ್ಕೆ: ಸಾಲು ಬೇಗ ಕರಗಿತು, ಕೈಗೆ ಅಲ್ಲೇ ಚೀಟಿ ಬಂತು. ನನ್ನ ಪ್ರಕಾರ ಎರಡನೆಯದೇ ದೊಡ್ಡದು. ಕೈಯಲ್ಲಿ ಚೀಟಿ ಇದ್ದವರು ಪ್ರಶ್ನೆ ಕೇಳಬಹುದು.

ಹಾಗಂತ ಯಂತ್ರ ಬಂದ ಮೊದಲ ತಿಂಗಳು ಜಗಳವಿಲ್ಲದ ಸಂಘ ನಾನು ನೋಡಿಲ್ಲ. ಒಂದೂರಿನಲ್ಲಿ ಯಂತ್ರ ಕೂರಿಸಿದ ವಾರದಲ್ಲೇ "ದಿನಾ ಕಾಲು ಲೀಟರ್ ಹೊಡೀತದೆ" ಎಂದು ಗಲಾಟೆಯಾಯಿತು. ಹೋಗಿ ನೋಡಿದೆ. ಅಲ್ಲಿ ಮೊದಲು ಅಳತೆ ಪಾತ್ರೆಯಲ್ಲಿ ಲೀಟರ್ ಲೆಕ್ಕ, ಈಗ ತಕ್ಕಡಿಯಲ್ಲಿ ಕೆಜಿ ಲೆಕ್ಕ. ಹಾಲು ನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಹಾಗಾಗಿ 10 ಕೆಜಿ ಹಾಲೆಂದರೆ 10 ಲೀಟರ್ ಅಲ್ಲ, ಸುಮಾರು 9.7 ಲೀಟರ್. ತಕ್ಕಡಿಯ ಪರದೆಯಲ್ಲಿ 10 ಎಂದು ಕಂಡವರು ಚೀಟಿಯಲ್ಲಿ 9.7 ಕಂಡರೆ ಮೋಸ ಎಂದುಕೊಳ್ಳದೆ ಇನ್ನೇನು ಮಾಡಿಯಾರು? ಇದನ್ನು ಮೊದಲೇ ಹೇಳಬೇಕಿತ್ತು, ಯಾರೂ ಹೇಳಿರಲಿಲ್ಲ. ತಪ್ಪು ನಮ್ಮದು. ನಿಮ್ಮ ಚೀಟಿಯಲ್ಲಿರುವ ಅಂಕಿ ಕೆಜಿಯೋ ಲೀಟರೋ ಎಂದು ಇಂದೇ ಒಮ್ಮೆ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ದೂರು ಫ್ಯಾಟ್‌ನದು. "ಬೆಳಿಗ್ಗೆ 3.4, ಸಂಜೆ 4.0. ಒಂದೇ ಹಸು, ಒಂದೇ ಮೇವು. ಯಂತ್ರ ಕೆಟ್ಟದೆ." ಯಂತ್ರ ಕೆಡುವುದುಂಟು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಹಸುವಿನ ಕಡೆಯ ಕಾರಣವೂ ತಿಳಿದಿರಲಿ. ಎರಡು ಕರಾವಿನ ನಡುವಿನ ಅಂತರ ಹೆಚ್ಚಾದಷ್ಟೂ ಹಾಲು ಹೆಚ್ಚು, ಜಿಡ್ಡು ಕಡಿಮೆ. ರಾತ್ರಿಯ ಅಂತರ ಉದ್ದ, ಹಗಲಿನದು ಗಿಡ್ಡ, ಆದ್ದರಿಂದ ಸಂಜೆಯ ಹಾಲಿಗೆ ಜಿಡ್ಡು ಜಾಸ್ತಿ. ಅದಕ್ಕಿಂತ ಮುಖ್ಯವಾದದ್ದು ಕೊನೆಯ ಧಾರೆ. ಕೆಚ್ಚಲಿನಿಂದ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಶೇಕಡ 1ರಿಂದ 2 ಇದ್ದರೆ, ಕಟ್ಟಕಡೆಯ ಧಾರೆಗಳಲ್ಲಿ ಶೇಕಡ 5ಕ್ಕೂ ಮೀರಿರುತ್ತದೆ. ಕರುವಿಗೆ ಬಿಡಬೇಕು ನಿಜ. ಮೊದಲ ಧಾರೆ ನಮಗೆ ಕರೆದುಕೊಂಡು ಕೊನೆಯದನ್ನು ಕರುವಿಗೆ ಬಿಟ್ಟರೆ ಡೇರಿಗೆ ಬರುವುದು ತೆಳು ಹಾಲು. ಯಂತ್ರ ಅದನ್ನೇ ಹೇಳುತ್ತದೆ.

ಇನ್ನು ಯಂತ್ರದ ಕಡೆ. ಶಬ್ದತರಂಗದಿಂದ ಹಾಲು ಅಳೆಯುವ ವಿಶ್ಲೇಷಕಗಳು ಗಾಳಿ ಗುಳ್ಳೆಯನ್ನು ಸಹಿಸುವುದಿಲ್ಲ. ನೊರೆ ತುಂಬಿದ ಮಾದರಿ ಹಾಕಿದರೆ ಅಂಕಿ ಎತ್ತೆತ್ತಲೋ ಹೋಗುತ್ತದೆ. ಹಾಲನ್ನು ಮೆಲ್ಲಗೆ ಮೇಲೆ ಕೆಳಗೆ ಕಲಕಿ, ನೊರೆ ಇಳಿದ ಮೇಲೆ ಮಾದರಿ ತೆಗೆಯಬೇಕು. ಕಲಕದೆ ಮೇಲಿನದನ್ನು ತೆಗೆದರೆ ಕೆನೆ ಬಂದು ಫ್ಯಾಟ್ ಜಾಸ್ತಿ, ತಳದ್ದು ತೆಗೆದರೆ ಕಡಿಮೆ. ಒಳಗಿನ ಕೊಳವೆಯಲ್ಲಿ ಹಾಲಿನ ಪದರ ಕಟ್ಟಿಕೊಂಡರೂ ಓದು ತಪ್ಪುತ್ತದೆ. ಹಾಗಾಗಿ ಪ್ರತಿ ಸರದಿಯ ನಂತರ ಬಿಸಿನೀರು, ನಿಗದಿತ ದಿನ ಕ್ಷಾರ ಮತ್ತು ಆಮ್ಲದ ದ್ರಾವಣದಿಂದ ತೊಳೆಯಲೇಬೇಕು. ಹಸು ಮತ್ತು ಎಮ್ಮೆಗೆ ಬೇರೆ ಬೇರೆ ಹೊಂದಾಣಿಕೆ ಇರುತ್ತದೆ. ಎಮ್ಮೆ ಹಾಲು ಬಂದಾಗ ಗುಂಡಿ ಬದಲಿಸಲು ಮರೆತ ಪರೀಕ್ಷಕರನ್ನೂ ನೋಡಿದ್ದೇನೆ. ಅನುಮಾನ ಬಂದರೆ ಮರುಪರೀಕ್ಷೆ ಕೇಳಿ. ಒಂದೇ ಮಾದರಿಯನ್ನು ಎರಡು ಸಲ ಹಾಕಿದಾಗ ಅಂಕಿ ದೂರ ದೂರ ಬಂದರೆ ಯಂತ್ರ ನೋಡಬೇಕಾದ ಕಾಲ ಬಂದಿದೆ ಎಂದರ್ಥ. ಕೊನೆಯ ತೀರ್ಪಿಗೆ ಇಂದಿಗೂ ಗರ್ಬರ್ ಇದೆ. ಕೇಳಿದರೆ ಕಾರ್ಯದರ್ಶಿಗೆ ಬೇಸರವಾದೀತು ಎಂದು ಹಿಂಜರಿಯಬೇಡಿ. ಒಳ್ಳೆಯ ಕಾರ್ಯದರ್ಶಿಗೆ ಆಗುವುದಿಲ್ಲ.

ಚೀಟಿಯ ಬಗ್ಗೆಯೂ ಒಂದು ಮಾತು. ಅನೇಕ ಸಂಘಗಳಲ್ಲಿ ಬಳಸುವುದು ಶಾಖಕ್ಕೆ ಕಪ್ಪಾಗುವ ಕಾಗದ. ಅದರ ಮೇಲೆ ಶಾಯಿ ಇರುವುದಿಲ್ಲ. ಒಬ್ಬರು ಮೂರು ತಿಂಗಳ ಚೀಟಿಗಳನ್ನು ತಂತಿಗೆ ಪೋಣಿಸಿ ಒಲೆಯ ಪಕ್ಕದ ಗೋಡೆಗೆ ನೇತು ಹಾಕಿದ್ದರು, ಜೋಪಾನವಾಗಿ. ಬಟವಾಡೆಯಲ್ಲಿ ತಕರಾರು ಬಂದಾಗ ತಂದು ತೋರಿಸಿದರೆ ಕೆಲವು ಪೂರಾ ಕಪ್ಪು, ಉಳಿದವು ಪೂರಾ ಖಾಲಿ. ಚೀಟಿ ಇಡುವುದಾದರೆ ಬಿಸಿಲು, ಬೆಂಕಿಯಿಂದ ದೂರ ಇಡಿ, ಇಲ್ಲವೇ ಸದಸ್ಯರ ಪುಸ್ತಕದಲ್ಲಿ ಅದೇ ದಿನ ಬರೆಸಿಕೊಳ್ಳಿ. ಕರೆಂಟ್ ಹೋದ ದಿನ ಕೈಯಲ್ಲಿ ಬರೆದು ಆಮೇಲೆ ಕಂಪ್ಯೂಟರಿಗೆ ಹಾಕುತ್ತಾರೆ. ಆ ದಿನದ ಅಂಕಿಯನ್ನಂತೂ ಮರುದಿನ ಹೋಲಿಸಿ ನೋಡಲೇಬೇಕು.

ಈಗ ಹಣದ ವಿಷಯ. 2016ರ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದಾಗ ನಗದು ಬಟವಾಡೆ ಮಾಡುತ್ತಿದ್ದ ಸಂಘಗಳ ಪಾಡು ಯಾರಿಗೂ ಬೇಡ. ಬ್ಯಾಂಕ್ ಖಾತೆ ಬೇಡವೆನ್ನುತ್ತಿದ್ದವರೂ ಆ ಚಳಿಗಾಲದಲ್ಲಿ ಪಾಸ್‌ಪುಸ್ತಕ ಮಾಡಿಸಿದರು. ಈಗ ಹಾಲಿನ ಹಣ ಮತ್ತು ಸರ್ಕಾರದ ಪ್ರೋತ್ಸಾಹಧನ ಎರಡೂ ಖಾತೆಗೇ ಬರುತ್ತವೆ. ಆದರೆ ಇವೆರಡೂ ಬರುವ ದಾರಿ ಬೇರೆ ಬೇರೆ. ಇದು ಗೊತ್ತಿಲ್ಲದೆ ಆಗುವ ಗೊಂದಲವೇ ನನ್ನ ಬಳಿ ಬರುವ ದೂರುಗಳಲ್ಲಿ ಅರ್ಧ.

ಹಾಲಿನ ಹಣ ಸಂಘಕ್ಕೆ ನೀವು ಬರೆದುಕೊಟ್ಟ ಖಾತೆ ಸಂಖ್ಯೆಗೆ ಬರುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ ಆಮೇಲೆ 5 ರೂಪಾಯಿಗೆ ಏರಿದ ಪ್ರೋತ್ಸಾಹಧನ ಮಾತ್ರ ಆಧಾರ್ ಸಂಖ್ಯೆ ಹಿಡಿದು ಬರುತ್ತದೆ. ಒಂದು ಆಧಾರ್‌ಗೆ ಒಂದು ಸಮಯದಲ್ಲಿ ಒಂದೇ ಬ್ಯಾಂಕ್ ಹಣ ಪಡೆಯುವ ಖಾತೆಯಾಗಿ ಜೋಡಣೆಯಾಗಿರುತ್ತದೆ, ಅದೂ ಕೊನೆಗೆ ಜೋಡಿಸಿದ್ದು. ಹತ್ತು ವರ್ಷದಿಂದ ಸೊಸೈಟಿ ಪಕ್ಕದ ಬ್ಯಾಂಕಿನಲ್ಲಿ ಖಾತೆ ಇದ್ದರೂ, ಹೋದ ವರ್ಷ ಸಾಲಕ್ಕೆಂದು ಪೇಟೆಯ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಜೋಡಣೆಗೆ ಸಹಿ ಹಾಕಿದ್ದರೆ ಪ್ರೋತ್ಸಾಹಧನ ಅಲ್ಲಿಗೆ ಹೋಗುತ್ತದೆ. 2017ರಲ್ಲಿ ಸಿಮ್ ಪರಿಶೀಲನೆಯ ಹೊತ್ತಿನಲ್ಲಿ ಗ್ರಾಹಕರಿಗೆ ಗೊತ್ತಾಗದಂತೆ ಖಾತೆ ತೆರೆದು, ಅಡುಗೆ ಅನಿಲದ ಸಬ್ಸಿಡಿ ಆ ಖಾತೆಗಳಿಗೆ ಹೋಗಿ ದೇಶದಲ್ಲೆಲ್ಲ ಸುದ್ದಿಯಾಗಿದ್ದು ನೆನಪಿರಬಹುದು. ಕಾರಣ ಇದೇ ಜೋಡಣೆ.

ಒಬ್ಬ ಸದಸ್ಯರು ಏಳು ತಿಂಗಳು ಕಾರ್ಯದರ್ಶಿಯ ಮೇಲೆ ಕೋಪ ಇಟ್ಟುಕೊಂಡಿದ್ದರು, ಮಾತೇ ಬಿಟ್ಟಿದ್ದರು. ಹಣವೆಲ್ಲ ಅವರದೇ ಹೆಸರಿನ, ಅವರೇ ಮರೆತಿದ್ದ ಖಾತೆಯಲ್ಲಿ ಭದ್ರವಾಗಿತ್ತು. ಆಧಾರ್ ಜೆರಾಕ್ಸ್ ಬ್ಯಾಂಕಿಗೆ ಕೊಟ್ಟ ಮಾತ್ರಕ್ಕೆ ಜೋಡಣೆ ಆಗುವುದಿಲ್ಲ ಎಂಬುದೂ ತಿಳಿದಿರಲಿ. ಹಣ ಪಡೆಯಲು ಜೋಡಿಸಿ ಎಂದು ಅರ್ಜಿಯಲ್ಲಿ ಬೇರೆಯಾಗಿ ಒಪ್ಪಿಗೆ ಕೊಡಬೇಕು. ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ನೋಡಬಹುದು. ಆದರೆ ಅದಕ್ಕೆ ಆಧಾರ್‌ಗೆ ಕೊಟ್ಟ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಆ ಫೋನಿಗೆ ಬರುವ ಒಟಿಪಿಯನ್ನು "ನಿಮ್ಮ ಹಾಲಿನ ಹಣ ತಡೆದಿದೆ" ಎಂದು ಕರೆ ಮಾಡುವವರಿಗೆ ಹೇಳಲೇಬೇಡಿ. ಸಂಘವಾಗಲಿ ಒಕ್ಕೂಟವಾಗಲಿ ಅದನ್ನು ಕೇಳುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ರಾಸುಗಳ ಕಿವಿಯ ಹಳದಿ ಬಿಲ್ಲೆಯ ಕಥೆಯೂ ಹೆಚ್ಚು ಕಡಿಮೆ ಇದೇ. 12 ಅಂಕಿಯ ಆ ಸಂಖ್ಯೆಯಲ್ಲಿ ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ಮಾಲೀಕರ ಹೆಸರು ಎಲ್ಲ ಸೇರಿಕೊಂಡಿರುತ್ತದೆ. ಸಂತೆಯಲ್ಲಿ ಹಸು ಕೊಂಡವರು ಹಗ್ಗ ಬದಲಿಸುತ್ತಾರೆ, ಬಿಲ್ಲೆಯ ದಾಖಲೆಯಲ್ಲಿ ಹೆಸರು ಬದಲಿಸುವುದಿಲ್ಲ. ಹಸು ಸತ್ತ ದಿನ ವಿಮೆಗೆ ಓಡಿದಾಗ ಅದರ ಮಾಲೀಕ ಇನ್ಯಾರೋ ಆಗಿರುತ್ತಾನೆ. ಬಿಲ್ಲೆ ಬಿದ್ದುಹೋಗಿದ್ದರಂತೂ ವಿಮೆಯ ಮಾತೇ ಇಲ್ಲ.

ಮತ್ತೆ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಸದಸ್ಯತ್ವ ಗಂಡನ ಹೆಸರಿನಲ್ಲಿ, ಖಾತೆ ಗಂಡನದು, ಫೋನ್ ಸಂಖ್ಯೆ ಮಗನದು, ದುಡಿಮೆ ಹೆಂಡತಿಯದು. ಇದು ಒಂದು ಮನೆಯ ಸ್ಥಿತಿಯಲ್ಲ. ಸಂಘದಲ್ಲಿ ಕಂಪ್ಯೂಟರ್ ಬಂದಾಗ ಹಳೆಯ ಪುಸ್ತಕದ ಹೆಸರುಗಳನ್ನೇ ಅದಕ್ಕೆ ಹಾಕಿದೆವು. ಫೋನ್ ಸಂಖ್ಯೆ ಕೇಳಿದಾಗ ಮನೆಯಲ್ಲಿ ಒಳ್ಳೆಯ ಫೋನ್ ಯಾರ ಬಳಿ ಇತ್ತೋ ಅವರದನ್ನು ಕೊಟ್ಟರು. ಯಾರದೂ ಕೆಟ್ಟ ಉದ್ದೇಶವಲ್ಲ. ಆದರೆ ಹಿಂಡಿ ಬದಲಿಸಿದ್ದಕ್ಕೆ ಫ್ಯಾಟ್ ಏರಿತೇ ಇಳಿಯಿತೇ, ಎಸ್‌ಎನ್‌ಎಫ್ ಕುಸಿದರೆ ಮೇವಿನಲ್ಲಿ ಏನು ಕೊರತೆ, ಕೆಚ್ಚಲು ಬಾವು ಶುರುವಾಗಿದೆಯೇ ಎಂದು ನೋಡಿ ಕೆಲಸ ಬದಲಿಸಬಹುದಾದವರು ಕೊಟ್ಟಿಗೆಯಲ್ಲಿರುವವರು ಮಾತ್ರ.

ಮಗನ ಬಗ್ಗೆ ನಾನು ಅವಸರದ ತೀರ್ಮಾನ ಮಾಡಿದ್ದೆ ಎಂಬುದನ್ನೂ ಹೇಳಿಬಿಡಬೇಕು. ಮುಂದಿನ ವಾರ ಆ ಮನೆಗೆ ಹೋದಾಗ ತಿಳಿಯಿತು. ಒಮ್ಮೆ ಸತತ ನಾಲ್ಕು ದಿನ ಬೆಳಗಿನ ಫ್ಯಾಟ್ 3ರ ಆಸುಪಾಸಿಗೆ ಇಳಿದಿದ್ದನ್ನು ನೋಡಿ ಆ ಹುಡುಗ ಬೆಂಗಳೂರಿನಿಂದಲೇ ಫೋನ್ ಮಾಡಿದ್ದನಂತೆ. ಈಕೆಗೆ ಸೊಂಟ ನೋವೆಂದು ನೆರೆಮನೆಯವರು ಬಂದು ಕರೆದುಕೊಡುತ್ತಿದ್ದರು. ಅವರು ಅವಸರಕ್ಕೆ ಪೂರ್ತಿ ಕರೆಯದೆ ಬಿಡುತ್ತಿದ್ದರು, ಉಳಿದದ್ದು ಕರುವಿಗೆ. "ಅವ್ನು ಹೇಳ್ದಾಗ್ಲೇ ನಂಗೆ ಗೊತ್ತಾಗಿದ್ದು" ಅಂದರು. ದೂರದಿಂದಲೂ ಒಬ್ಬರು ನೋಡುತ್ತಿರುವುದು ಒಳ್ಳೆಯದೇ. ಆದ್ದರಿಂದ ಮಗನ ಸಂಖ್ಯೆ ತೆಗೆಯುವುದು ಬೇಡ, ತಂತ್ರಾಂಶದಲ್ಲಿ ಅವಕಾಶವಿದ್ದರೆ ಎರಡನೆಯ ಸಂಖ್ಯೆಯಾಗಿ ಇಡೋಣ, ಮೊದಲನೆಯದು ಕರೆಯುವವರದಾಗಲಿ ಎಂದು ಕಾರ್ಯದರ್ಶಿಗೆ ಹೇಳಿದೆ. ಸಂಘದ ದಾಖಲೆಯಲ್ಲಿ ಸಂಖ್ಯೆ ಬದಲಿಸಲು ಐದು ನಿಮಿಷ ಸಾಕು. ಸದಸ್ಯತ್ವ ಬದಲಿಸುವುದು ದೊಡ್ಡ ಕೆಲಸ, ಅದಕ್ಕೆ ಆಡಳಿತ ಮಂಡಳಿಯ ತೀರ್ಮಾನ ಬೇಕು, ಮನೆಯಲ್ಲೂ ಮಾತಾಗಬೇಕು. ಸಂಖ್ಯೆ ಬದಲಿಸಲು ಅದ್ಯಾವುದೂ ಬೇಡ.

ಆಕೆಯ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನ್. "ಇಂಗ್ಲಿಷ್‌ನಲ್ಲಿ ಬತ್ತದೆ, ನಂಗೆ ಓದಕ್ ಬರಲ್ಲ" ಎಂದು ಹಿಂಜರಿದರು. ಅಂಕಿ ಓದಲು ಬರುತ್ತದೆಯೇ ಎಂದೆ. ಬಸ್ಸಿನ ನಂಬರ್, ಗ್ಯಾಸಿನ ಬೆಲೆ ಎಲ್ಲ ಓದುತ್ತಾರೆ. ಆರನೇ ತರಗತಿಯ ಮೊಮ್ಮಗಳು ಎಸ್‌ಎಂಎಸ್ ತೆರೆಯುವುದನ್ನು ಎರಡು ಸಲ ತೋರಿಸಿಕೊಟ್ಟಳು. ಮೊದಲ ಅಂಕಿ ಹಾಲು, ಎರಡನೆಯದು ಫ್ಯಾಟ್, ಮೂರನೆಯದು ಎಸ್‌ಎನ್‌ಎಫ್, ಕೊನೆಯದು ರೂಪಾಯಿ ಎಂದು ಕ್ಯಾಲೆಂಡರಿನ ಹಿಂದೆ ಬರೆದು ಅಂಟಿಸಿದಳು.

ಮಾರನೆಯ ಸಂಜೆ ಏಳರ ಹೊತ್ತಿಗೆ ನನಗೆ ಒಂದು ಕರೆ ಬಂತು. ಹೆಸರು ಹೇಳಲಿಲ್ಲ, ನಮಸ್ಕಾರವೂ ಇಲ್ಲ.

"3.9 ಬಂದದೆ ಸಾರ್. ಇದು ಸರಿನಾ, ಇನ್ನೂ ಬರ್ಬೇಕಿತ್ತಾ?"