ಆಪತ್ಕಾಲದ ಉಪಕರಣಗಳು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನನ್ನು ಕಂಡು ಲೋಕವು ನಗುತ್ತದೆ. ಆದರೆ ಬಾವಿಯನ್ನು ಮೊದಲೇ ತೋಡಿಸಿಯೂ ಅದರ ಹಗ್ಗವು ಜೀರ್ಣವಾದುದನ್ನು ಗಮನಿಸದವನ ಪಾಡು ಇದಕ್ಕಿಂತ ಉತ್ತಮವಾದುದೇನಲ್ಲ. ನರ್ಸಿಂಗ್ ಹೋಮುಗಳಲ್ಲಿ ತುರ್ತು ಚಿಕಿತ್ಸೆಗೆಂದು ಇರಿಸಿರುವ ಉಪಕರಣಗಳಿಗೂ ಈ ಮಾತು ಅನ್ವಯಿಸುತ್ತದೆ. ಅವು ತಿಂಗಳುಗಟ್ಟಲೆ ಮೂಲೆಯಲ್ಲಿ ಸುಮ್ಮನಿರಬಹುದು. ಬೇಕಾದ ಕ್ಷಣದಲ್ಲಿ ಮಾತ್ರ ತಪ್ಪದೆ ಕೆಲಸ ಮಾಡಬೇಕು. ಏಕೆಂದರೆ ಮಿದುಳಿಗೆ ಆಮ್ಲಜನಕದ ಪೂರೈಕೆ ನಿಂತರೆ ಸುಮಾರು 4–5 ನಿಮಿಷಗಳಲ್ಲಿಯೇ ಅದರ ಜೀವಕೋಶಗಳು ಸಾಯತೊಡಗುತ್ತವೆ.

ಇವುಗಳಲ್ಲಿ ಮೊದಲನೆಯದು ಆಮ್ಲಜನಕದ ಸಿಲಿಂಡರು. ಭಾರತದಲ್ಲಿ ಇದರ ಮೈಗೆ ಕಪ್ಪು, ಹೆಗಲಿಗೆ ಬಿಳಿ ಬಣ್ಣ ಬಳಿದಿರುತ್ತಾರೆ. ಹೊರಗಿನಿಂದ ನೋಡಿದರೆ ತುಂಬಿದ ಸಿಲಿಂಡರಿಗೂ ಬರಿದಾದುದಕ್ಕೂ ಭೇದ ಕಾಣದು. ಆದುದರಿಂದ ಒತ್ತಡಮಾಪಕದ ಮುಳ್ಳನ್ನು ಪ್ರತಿದಿನವೂ ನೋಡಬೇಕು. ಸಿಲಿಂಡರನ್ನು ತೆರೆಯುವ ಕೀಲಿ ಅದರ ಬಳಿಯಲ್ಲಿಯೇ ಇರಬೇಕು. ಬೇರೆ ಯಂತ್ರಗಳು ಬಿಗಿಯಾದರೆ ಎಣ್ಣೆ ಹಾಕುವುದು ವಾಡಿಕೆ. ಇಲ್ಲಿ ಅದು ಮಹಾಪ್ರಮಾದ. ಹೆಚ್ಚಿನ ಒತ್ತಡದ ಆಮ್ಲಜನಕವು ಸೋಕಿದರೆ ಎಣ್ಣೆ ತಾನಾಗಿ ಹೊತ್ತಿಕೊಳ್ಳಬಹುದು.

ಎರಡನೆಯದು ಕೃತಕ ಉಸಿರಾಟದ ಚೀಲ. ಹಿಚುಕಿ ಬಿಟ್ಟೊಡನೆ ತಾನೇ ಉಬ್ಬಿಕೊಳ್ಳುವ ಈ ಚೀಲವನ್ನು ಡೆನ್ಮಾರ್ಕಿನ ಹೆನ್ನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ ಅವರು 1956ರಲ್ಲಿ ಬಳಕೆಗೆ ತಂದರು. ಇದಕ್ಕೆ ವಿದ್ಯುತ್ತು ಬೇಕಿಲ್ಲ. ಆದರೆ ರಬ್ಬರು ಬಿರುಕುಬಿಟ್ಟರೆ, ಕವಾಟ ಅಂಟಿಕೊಂಡರೆ ಚೀಲವಿದ್ದೂ ಇಲ್ಲದಂತೆ. ಗಂಟಲೊಳಗೆ ಬೆಳಕು ಬೀರುವ ಲ್ಯಾರಿಂಗೋಸ್ಕೋಪಿನ ಕಥೆಯೂ ಹೀಗೆಯೇ. ಅದರ ಪುಟ್ಟ ಬಲ್ಬು ಉರಿಯದಿದ್ದರೆ ನುರಿತ ವೈದ್ಯನೂ ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ.

1947ರಲ್ಲಿ ಅಮೆರಿಕದ ಶಸ್ತ್ರವೈದ್ಯ ಕ್ಲಾಡ್ ಬೆಕ್ ಅವರು, ಶಸ್ತ್ರಚಿಕಿತ್ಸೆಯ ವೇಳೆ ಲಯ ತಪ್ಪಿದ 14 ವರ್ಷದ ಬಾಲಕನೊಬ್ಬನ ಹೃದಯವನ್ನು ವಿದ್ಯುದಾಘಾತದಿಂದ ಮತ್ತೆ ಸರಿದಾರಿಗೆ ತಂದರು. ಅಂದಿನಿಂದ ಡಿಫಿಬ್ರಿಲೇಟರ್ ಎಂಬ ಈ ಉಪಕರಣವು ಅನೇಕರನ್ನು ಬದುಕಿಸಿದೆ. ಆದರೆ ಬ್ಯಾಟರಿ ಬರಿದಾಗಿ, ವಿದ್ಯುತ್ತೂ ಇಲ್ಲದಿದ್ದರೆ ಅದು ಬರಿಯ ಪೆಟ್ಟಿಗೆ.

ಇದೆಲ್ಲಕ್ಕೂ ಬೇಕಾದುದು ಅಪಾರ ಹಣವಲ್ಲ, ನಿಷ್ಠೆ. ಪ್ರತಿ ಪಾಳಿಯ ಆರಂಭದಲ್ಲಿ ದಾದಿಯು ಉಪಕರಣಗಳನ್ನು ಒಂದೊಂದಾಗಿ ನಡೆಸಿ ನೋಡಿ, ದಾಖಲೆ ಪುಸ್ತಕದಲ್ಲಿ ಸಹಿ ಮಾಡಬೇಕು. ನೋಡದೆ ಮಾಡಿದ ಸಹಿ ಬರಿಯ ಸುಳ್ಳಲ್ಲ. ಅದು ಮುಂದೆ ಬರುವ ರೋಗಿಗೆ ಬಗೆದ ದ್ರೋಹ. ಬದುಕಿ ಮನೆಗೆ ಮರಳುವವನು ವೈದ್ಯರಿಗೆ ಕೈಮುಗಿಯುತ್ತಾನೆ. ಹಿಂದಿನ ರಾತ್ರಿ ಹಳೆಯ ಬ್ಯಾಟರಿಯನ್ನು ತೆಗೆದು ಹೊಸದನ್ನು ಹಾಕಿದ ದಾದಿಯ ಹೆಸರು ಅವನಿಗೆ ತಿಳಿಯದು. ತಿಳಿಯದಿದ್ದರೂ ಅವನ ಉಸಿರಿನಲ್ಲಿ ಆಕೆಯ ಪಾಲಿದೆ.